ಮೂರು ಬೆರಳಿನ ಅಳತೆ

ಅನುರಾಧಾಗೆ ನಿದ್ದೆ ಬರಲು ಹಾಸಿಗೆ ಬೇಕಿಲ್ಲ. ಆಳಂದ ಬಸ್ ನಿಲ್ದಾಣದ ಕಂಬಕ್ಕೆ ಒರಗಿ ನಿಂತರೂ ಬರುತ್ತದೆ, ಅಫಜಲಪುರದ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ಜೋತಾಡುವಾಗಲೂ ಬರುತ್ತದೆ. ಒಮ್ಮೆ ನನ್ನ ಸ್ಕೂಟಿಯ ಹಿಂದೆ ಕೂತವಳು ನಿದ್ದೆ ಹೋಗಿ ನನ್ನ ಬೆನ್ನಿಗೆ ಹಣೆ ಆನಿಸಿಬಿಟ್ಟಳು. ಗಾಡಿ ನಿಲ್ಲಿಸಿ ಬೈದೆ.

"ಬಿದ್ದು ಗಿದ್ದಿ ಅಂದ್ರ ನಿನ್ನ ಗಂಡಗ ನಾ ಏನ್ ಹೇಳ್ಲಿ ಬೇ?"

"ಸ್ಕ್ಯಾನರ್ ಬಿಟ್ಟಿಲ್ಲ ನೋಡು ಜಯಕ್ಕಾ, ಗಟ್ಟಿ ಹಿಡಕೊಂಡೇನಿ" ಎಂದಳು, ಕಣ್ಣು ತೆರೆಯದೆ.

ನಾನು ಜಯಮಾಲಾ. ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ. ಅದರ ಅರ್ಧಕ್ಕೆ ಪ್ಲೈವುಡ್ ಹಲಗೆ ಅಡ್ಡ ಬಡಿದು ಅನುರಾಧಾಗೆ ಕೊಟ್ಟಿದ್ದೇನೆ. ಆಚೆ ಕಡೆ ಆಧಾರ್ ಕಾರ್ಡಿನ ನಕಲು, ಈಚೆ ಕಡೆ ಕಬ್ಬಿಣದ ನಕಲು. ಬಂದವರಲ್ಲಿ ಅರ್ಧ ಮಂದಿ ತಪ್ಪು ಬಾಗಿಲಿಗೆ ಬರುತ್ತಾರೆ. ಜಾತಿ ಪ್ರಮಾಣಪತ್ರ ಹಿಡಿದವರನ್ನು ಅವಳು ನನ್ನ ಕಡೆ ತಳ್ಳುತ್ತಾಳೆ, ಮುರಿದ ಗೇರು ಹೊತ್ತವರನ್ನು ನಾನು ಅವಳ ಕಡೆ ತಳ್ಳುತ್ತೇನೆ.

ಅವಳ ಕೆಲಸ ಏನೆಂದು ಕೇಳುವವರಿಗೆ ಹೇಳಿ ಹೇಳಿ ನನಗೂ ಬಾಯಿಪಾಠವಾಗಿದೆ. ನಮ್ಮ ಕಡೆ ಹಳೆಯ ಯಂತ್ರಗಳಿಗೆ ಬರವಿಲ್ಲ. ಹಿಟ್ಟಿನ ಗಿರಣಿ, ತೊಗರಿ ಬೇಳೆ ಮಿಲ್ಲು, ಮಣ್ಣೂರಿನ ಕಡೆ ಭೀಮಾ ನದಿಯಿಂದ ನೀರೆತ್ತುವ ಪಂಪು. ಅವನ್ನು ಮಾಡಿದ ಕಂಪನಿಗಳು ಬಾಗಿಲು ಹಾಕಿ ಎಷ್ಟೋ ಕಾಲವಾಗಿದೆ, ಯಂತ್ರಗಳು ಮಾತ್ರ ಮೊಂಡು ಮುದುಕರ ಹಾಗೆ ಇನ್ನೂ ತಿರುಗುತ್ತಿವೆ. ಒಂದು ಭಾಗ ಮುರಿದರೆ ಬದಲಿ ಸಿಗುವುದಿಲ್ಲ. ಆಗ ಅನುರಾಧಾ ಹೋಗುತ್ತಾಳೆ. ಕೈಯಲ್ಲಿ ಹಿಡಿಯುವ ಸ್ಕ್ಯಾನರಿನಿಂದ ಆ ಮುರಿದ ತುಂಡಿನ ಮೈಯನ್ನೆಲ್ಲ ಬೆಳಕಿನಿಂದ ಸವರಿ, ಲ್ಯಾಪ್‌ಟಾಪಿನೊಳಗೆ ಅದರ ಆಕಾರ ತರುತ್ತಾಳೆ.

ಬರೀ ಆಕಾರ ಬಂದರೆ ಸಾಲದು. ಸವೆದದ್ದು ಸವೆದಂತೆಯೇ, ಒಡೆದದ್ದು ಒಡೆದಂತೆಯೇ ಬಂದಿರುತ್ತದೆ. ಅದೇ ಅಳತೆಗೆ ಹೊಸದು ಮಾಡಿಸಿದರೆ ಹೊಸ ಕಬ್ಬಿಣದಲ್ಲಿ ಹಳೆಯ ರೋಗ. ಅವಳು ನನಗೆ ತಿಳಿಸಿ ಹೇಳಿದ್ದು ಹೀಗೆ: ಸ್ಕ್ಯಾನು ಅಂದರೆ ಬೆಂದ ರೊಟ್ಟಿ, ಅದನ್ನು ಮತ್ತೆ ಬಡಿಯಲು ಬರುವುದಿಲ್ಲ. ಅದನ್ನು ತಿರುಗಿ ಹಿಟ್ಟು ಮಾಡಬೇಕು. ಇಲ್ಲೊಂದು ತೂತು, ಇಷ್ಟು ಅಗಲ. ಇಲ್ಲೊಂದು ಕಾಲು, ಇಷ್ಟು ದಪ್ಪ ಎಂದು ಒಂದೊಂದನ್ನೂ ಬಿಡಿಸಿ, ಬೇಕಾದಾಗ ತಿದ್ದಲು ಬರುವಂಥ ಮಾದರಿ ಕಟ್ಟಬೇಕು. ಸವೆದಲ್ಲಿ ತುಂಬಬಹುದು, ಸಪೂರವಿದ್ದಲ್ಲಿ ದಪ್ಪ ಮಾಡಬಹುದು. ಆಮೇಲೆ ಎರಕದವರಿಗೆ ಕೊಡಬಹುದು.

ಈ ವಿದ್ಯೆಗೆ ಅವಳು ನಮ್ಮ ಸೀಮೆಯ ಒಂದೆರಡು ಉಪಾಯ ಸೇರಿಸಿಕೊಂಡಿದ್ದಾಳೆ. ಹೊಳೆಯುವ ಕಬ್ಬಿಣ ಸ್ಕ್ಯಾನರಿನ ಕಣ್ಣಿಗೆ ಬೀಳುವುದಿಲ್ಲ, ಅದರ ಹೊಳಪು ಆರಿಸಲು ಬಿಳಿಯ ಸ್ಪ್ರೇ ಹೊಡೆಯಬೇಕು. ಆ ಡಬ್ಬಿ ಕಲಬುರಗಿಯಲ್ಲೂ ಸಿಗುವುದಿಲ್ಲ. ಇವಳು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಬಟ್ಟೆಯಿಂದ ತೆಳ್ಳಗೆ ಸವರುತ್ತಾಳೆ. ಸ್ಕ್ಯಾನರಿಗೆ ದಾರಿ ತಪ್ಪದಿರಲಿ ಎಂದು ಅಲ್ಲಲ್ಲಿ ಗುರುತಿನ ಚುಕ್ಕಿ ಅಂಟಿಸಬೇಕು, ಅದಕ್ಕೆ ಹಣೆಗೆ ಹಚ್ಚುವ ಟಿಕಳಿ. ವಿಭೂತಿ ಬಳಿದು ಟಿಕಳಿ ಇಟ್ಟುಕೊಂಡು ಕೂತ ಗೇರನ್ನು ನೋಡಿ ನಾನು, "ಕಬ್ಬಿಣಕ್ಕೂ ದೀಕ್ಷಾ ಕೊಟ್ಟಿಯಲ್ಲ ತಾಯಿ" ಎಂದು ಕಾಡುತ್ತಿರುತ್ತೇನೆ.

ಮೊದಲು ಮಾದರಿ ಕಟ್ಟುವುದನ್ನೆಲ್ಲ ಕೈಯಿಂದಲೇ ಮಾಡುತ್ತಿದ್ದಳು. ಒಂದು ಪಂಪಿನ ರೆಕ್ಕೆಗೆ ವಾರಗಟ್ಟಲೆ ಕೂತದ್ದುಂಟು. ಈಗ ಒಂದು ಪ್ರೋಗ್ರಾಂ ಬಂದಿದೆ. ಸ್ಕ್ಯಾನು ಅದರ ಬಾಯಿಗೆ ಹಾಕಿದರೆ ಸಾಕು, ಇದು ತೂತು, ಇದು ಅಂಚು, ಇದು ಅದಕ್ಕೆ ಸಮಾನಾಂತರ, ಇದು ಇದಕ್ಕೆ ಲಂಬ ಎಂದು ತಾನೇ ಊಹಿಸಿ, ತುಸು ಸೊಟ್ಟವಿದ್ದದ್ದನ್ನು ನೆಟ್ಟಗೆ ಮಾಡಿ ಕೊಡುತ್ತದೆ. ಚಹಾ ತರಿಸಿ ಕುಡಿಯುವುದರೊಳಗೆ ಕೆಲಸ ಮುಗಿದಿರುತ್ತದೆ. ಅದು ಬಂದ ದಿನ ನಾನು, "ಇನ್ನ ನಿನಗ ಆರಾಮ ಬಿಡು" ಎಂದಿದ್ದೆ. ಎಲ್ಲಿಯ ಆರಾಮ. ಬೇಗ ಆಗುತ್ತದೆಂದು ಗೊತ್ತಾದ ಮೇಲೆ ಮೂರು ತಾಲೂಕಿನ ಮುರುಕು ಕಬ್ಬಿಣವೆಲ್ಲ ಇವಳ ಕಡೆಗೇ ಹೊರಟಿತು. ಮೊದಲು ಮಾಡಿ ದಣಿಯುತ್ತಿದ್ದಳು, ಈಗ ನೋಡಿ ದಣಿಯುತ್ತಾಳೆ. ಪ್ರೋಗ್ರಾಂ ಕೊಟ್ಟದ್ದನ್ನು ಒಂದೊಂದಾಗಿ ನೋಡಿ, ಇದು ಸರಿ, ಇದು ಸುಳ್ಳು ಎಂದು ಹೇಳುವ ಕೆಲಸ ಇನ್ನೊಬ್ಬರ ಮಕ್ಕಳ ಪರೀಕ್ಷೆ ಕಾಯುವ ಹಾಗೆ. ಮೈಗೆ ಕೆಲಸವಿಲ್ಲ, ಕಣ್ಣು ಮುಚ್ಚುವ ಹಾಗಿಲ್ಲ.

ಅವಳು ಮಾದನಹಿಪ್ಪರಗಾದ ಮಲ್ಕಪ್ಪನ ಮಗಳು. ಮಲ್ಕಪ್ಪ ಒಕ್ಕಲುತನದ ಮನುಷ್ಯ, ಆದರೆ ಮುರಿದದ್ದನ್ನು ಬಿಸಾಡಲಾರದ ಚಟ. ಮನೆಯ ಹಿತ್ತಲು ತುಂಬ ಊರ ಮಂದಿಯ ಕುಂಟೆ, ಪಂಪಿನ ಪೈಪು. ಆ ಕಬ್ಬಿಣದ ನಡುವೆ ಆಡಿ ಬೆಳೆದವಳು ಕಲಬುರಗಿಗೆ ಹೋಗಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿದಳು. ಬೇಳೆ ಮಿಲ್ಲಿನ ಯಂತ್ರ ಕಟ್ಟುವವರ ಹತ್ತಿರ ನಕ್ಷೆ ತೆಗೆಯುತ್ತಿದ್ದವಳನ್ನು ಆಳಂದದ ಶಿವಪ್ರಕಾಶನಿಗೆ ಕೊಟ್ಟರು. ಶಿವಪ್ರಕಾಶ ಬಸ್ ಚಾಲಕ, ಒಳ್ಳೆಯವನು. ಅವನು ಮನೆಗೆ ಬರುವ ಹೊತ್ತಿಗೆ ಇವಳು ಹೊರಟಿರುತ್ತಾಳೆ, ಇವಳು ಬರುವ ಹೊತ್ತಿಗೆ ಅವನು ಗೊರಕೆ ಹೊಡೆಯುತ್ತಿರುತ್ತಾನೆ. ಇಬ್ಬರೂ ಎಚ್ಚರವಿದ್ದು ಒಬ್ಬರ ಮುಖ ಒಬ್ಬರು ನೋಡಿದ್ದು ಮದುವೆಯಲ್ಲಿ ಅಕ್ಕಿಕಾಳು ಬಿದ್ದ ದಿನವೇ ಕಡೆ ಇರಬೇಕೆಂದು ನಾನು ನಗುತ್ತೇನೆ. ಅವಳು ನಗುವುದಿಲ್ಲ. ನಗುವುದಕ್ಕೂ ತ್ರಾಣ ಬೇಕು.

ಹೋದ ಚಳಿಗಾಲ ಕಿಣ್ಣಿ ಸುಲ್ತಾನದಿಂದ ಗುರಮ್ಮನ ಫೋನು ಬಂತು. ಫೋನಿನಲ್ಲಿ ಆಕೆ ಹೇಳಿದ್ದು ಒಂದೇ ಮಾತು: "ನನ್ನ ಕುದರಿ ಕಾಲು ಮುರಕೊಂಡದ, ಜಲ್ದಿ ಬಾ ತಂಗಿ." ಕುದುರೆಯ ಡಾಕ್ಟರಿಗೆ ಹಚ್ಚಬೇಕಾದ ಫೋನು ತಪ್ಪಿ ಬಂದಿದೆ ಎಂದುಕೊಂಡೆವು. ಹೋಗಿ ನೋಡಿದಾಗ ಗೊತ್ತಾಯಿತು, ಗಿರಣಿಯಲ್ಲಿ ಕಲ್ಲು ತಿರುಗಿಸುವ ದಂಡವನ್ನು ಹೊತ್ತು ನಿಲ್ಲುವ ನಾಲ್ಕು ಕಾಲಿನ ಎರಕದ ತುಂಡಿಗೆ ಆಕೆಯ ಮನೆಯಲ್ಲಿ ‘ಕುದರಿ’ ಎಂದು ಹೆಸರು. ಅದರ ಒಂದು ಕಾಲು ಬೋಲ್ಟಿನ ಸಮೇತ ಕಳಚಿ ಬಿದ್ದಿತ್ತು.

ಗುರಮ್ಮ ಅರವತ್ತು ದಾಟಿದ ಒಣಕಲು ಹೆಂಗಸು. ಗಂಡ ರೇವಣಪ್ಪ ತೀರಿಹೋದ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದಳು. ನಾವು ಹೋದಾಗ ಬಾಗಿಲಲ್ಲಿ ಮೈದುನ ದೌಲತರಾಯ ನಿಂತಿದ್ದ. ಕೆಟ್ಟ ಮನುಷ್ಯ ಅಲ್ಲ, ದನಿ ಎತ್ತಿ ಮಾತಾಡುವವನೂ ಅಲ್ಲ. ಅಂಥವರ ಮಾತಿಗೇ ಎದುರಾಡುವುದು ಕಷ್ಟ.

"ವೈನಿ, ಎಳ್ಳ ಅಮಾಸಿ ತನಕ ನೋಡ್ತೀನ್ರಿ. ತಿರುಗಿತು ಅಂದ್ರ ಗಿರಣಿ ನಿಮ್ದು. ಇಲ್ಲಂದ್ರ ಗುಜರಿಯವನಿಗಿ ಹೇಳೇನಿ, ಎತ್ತಿ ಒಯ್ತಾನ. ನನಗ ಗೊಬ್ಬರದ ಚೀಲ ಇಡಾಕ ಈ ಖೋಲಿ ಬೇಕು. ಊಟ ನಮ್ಮ ಮನ್ಯಾಗ ಮಾಡ್ರಿ, ಯಾರ್ ಬ್ಯಾಡ ಅಂತಾರ?"

ಅವನು ಹೋದ ಮೇಲೆ ಗುರಮ್ಮ ಹಿಟ್ಟಿನ ಡಬ್ಬಿಯ ಮೇಲೆ ಕೂತಳು. "ಅವರ ಮನ್ಯಾಗ ಕುಂತ್ರ ತಾಟು ಯಾವಾಗ ಬರ್ತದ ಅಂತ ನಾ ಹಾದಿ ನೋಡಬೇಕು. ಇಲ್ಲಿ ನಾಕ ಮಂದಿ ಬುಟ್ಟಿ ಹಿಡಕೊಂಡು ನನ್ನ ಹಾದಿ ನೋಡ್ತಾರ. ಇಷ್ಟೇ ಅದ ಫರಕು" ಎಂದಳು.

ಎಳ್ಳ ಅಮಾವಾಸ್ಯೆ ಅಂದರೆ ನಮ್ಮ ಕಡೆ ಹೊಲಕ್ಕೆ ಎಡೆಯ ಅಡುಗೆ ಒಯ್ದು ಚರಗ ಚೆಲ್ಲುವ ಹಬ್ಬ. ಮನೆಮನೆಗೂ ಸಜ್ಜೆ ರೊಟ್ಟಿ, ಸಜ್ಜೆ ಕಡಬು ಆಗಬೇಕು. ಆ ವಾರ ಗಿರಣಿ ನಿಂತಿತೆಂದರೆ ಹೆಂಗಸರು ಬುಟ್ಟಿ ಹೊತ್ತು ಪಕ್ಕದ ಊರಿಗೆ ಹೋಗುತ್ತಾರೆ, ಒಮ್ಮೆ ಹಾದಿ ಬಿದ್ದರೆ ಮತ್ತೆ ತಿರುಗುವುದಿಲ್ಲ. ಇದು ಗುರಮ್ಮನಿಗೂ ಗೊತ್ತು, ದೌಲತರಾಯನಿಗೂ ಗೊತ್ತು.

ಅನುರಾಧಾ ಕುದುರೆಯನ್ನು ಬಿಚ್ಚಿಸಿ ಹೊರಗೆ ಚಾಪೆಯ ಮೇಲೆ ಇಡಿಸಿದಳು. ಮುರಿದ ಕಾಲನ್ನು ತಂತಿಯಿಂದ ಬಿಗಿದು ಕಟ್ಟಿದಳು. ಕುದುರೆಯ ನೆತ್ತಿಯ ಮೇಲೆ ಮೂರು ಬಿಳಿ ಪಟ್ಟೆ ಇದ್ದವು. ರೇವಣಪ್ಪ ಬದುಕಿದ್ದಾಗ ಪ್ರತಿ ಸೋಮವಾರ ಮೈ ತೊಳೆದುಕೊಂಡು ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡು, ಅದೇ ಮೂರು ಬೆರಳನ್ನು ಕುದುರೆಯ ನೆತ್ತಿಗೂ ಎಳೆಯುತ್ತಿದ್ದನಂತೆ. ಅದರ ಮೇಲೆ ಎಣ್ಣೆ, ಅದರ ಮೇಲೆ ಹಾರಿ ಬಂದ ಹಿಟ್ಟು, ಮುಂದಿನ ಸೋಮವಾರ ಮತ್ತೆ ವಿಭೂತಿ. ವರ್ಷಾನುಗಟ್ಟಲೆ ಕೂತು ಕೂತು ಅವು ಕಲ್ಲಿನ ಹಾಗೆ ಗಟ್ಟಿಯಾಗಿ, ಕೈ ಆಡಿಸಿದರೆ ದಿಣ್ಣೆಯಾಗಿ ತಾಗುತ್ತಿದ್ದವು. ಬೆಲ್ಟಿಗೆ ಸಿಕ್ಕು ಅವನ ಬೆರಳು ಮುರಿದು ಡೊಂಕಾಗಿದ್ದರಿಂದ ಗೆರೆಗಳು ಬಲಕ್ಕೆ ತುಸು ಇಳಿದಿದ್ದವು.

ಯಾವುದೇ ತುಂಡಾದರೂ ಮೊದಲು ಜಿಡ್ಡು ತೆಗೆಯುವುದು ಅನುರಾಧಾಳ ಪದ್ಧತಿ. ಥಿನ್ನರಿನ ಬಟ್ಟೆ ತೆಗೆದಳು.

"ಅದಕ ಕೈ ಹಚ್ಚಬ್ಯಾಡ ಬೇ" ಎಂದಳು ಗುರಮ್ಮ.

"ಹೊಲಸು ಕುಂತದ್ರಿ ಆಯಿ, ತೆಗೀಬೇಕು."

"ಹೊಲಸಲ್ಲ ಅದು. ನಮ್ಮ ಮನಿಯಾಂವನ ಕೈ."

ಅನುರಾಧಾ ನನ್ನ ಮುಖ ನೋಡಿದಳು. ಸತ್ತವನ ಬೆರಳನ್ನು ಒರೆಸು ಎಂದು ಹೇಳುವುದಕ್ಕೆ ಯಾರಿಗೆ ಬಾಯಿ ಬರುತ್ತದೆ. ಅವಳು ಬಟ್ಟೆ ಮಡಚಿ ಒಳಗಿಟ್ಟಳು. ಪಟ್ಟೆಗಳನ್ನು ಬಿಟ್ಟು ಉಳಿದ ಮೈಯನ್ನಷ್ಟೇ ಸ್ವಚ್ಛ ಮಾಡಿ, ಹೊಳೆಯುವಲ್ಲಿ ತೆಳ್ಳಗೆ ವಿಭೂತಿ ನೀರು ಸವರಿ, ಟಿಕಳಿ ಅಂಟಿಸಿದಳು. ಸ್ಕ್ಯಾನರಿನ ನೀಲಿ ಬೆಳಕು ಕುದುರೆಯ ಸುತ್ತ ಓಡಾಡುವುದನ್ನು ಗುರಮ್ಮ ಆರತಿ ನೋಡುವ ಹಾಗೆ ನೋಡಿದಳು.

ಇನ್ನೊಂದು ಪದ್ಧತಿಯೂ ಅವಳಿಗಿತ್ತು. ತುಂಡು ಎಲ್ಲಿ ಕೂರುತ್ತದೋ ಆ ಜಾಗದ ಮೇಲೆ ಕಾಗದ ಹಾಸಿ, ಇದ್ದಿಲಿನಿಂದ ಉಜ್ಜಿ, ಬೋಲ್ಟಿನ ತೂತುಗಳ ಅಚ್ಚು ತೆಗೆದುಕೊಳ್ಳುವಳು. ಅಂದು ಜೇವರ್ಗಿಯ ಬೇಳೆ ಮಿಲ್ಲಿನವರ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಬಸ್ಸು ತಪ್ಪಿದರೆ ಆ ದಿನದ ಕೆಲಸವೂ ತಪ್ಪುತ್ತಿತ್ತು. "ಕಾಲಿನ ತೂತು ಸ್ಕ್ಯಾನಿನ್ಯಾಗ ಬಂದಾವಲ್ಲ, ಸಾಕು" ಎಂದು ಎದ್ದಳು. ಅವಳು ಸಾಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಅಂಗಡಿಯಲ್ಲಿ ಪ್ರೋಗ್ರಾಂ ತನ್ನ ಕೆಲಸ ಮುಗಿಸಿತು. ಪರದೆಯ ಮೇಲೆ ಬೂದು ಬಣ್ಣದ ಕುದುರೆ ನಾಲ್ಕೂ ಕಾಲಿನ ಮೇಲೆ ನಿಂತಿತ್ತು, ನೆತ್ತಿಯ ಮೇಲೆ ಮೂರು ಗೆರೆ. ಅನುರಾಧಾ ತಿರುಗಿಸಿ ತಿರುಗಿಸಿ ನೋಡಿದಳು, ಆಕಳಿಸಿದಳು. ಬೇರಿಂಗಿನ ತೂತು ಸವೆದು ಅಂಡಾಕಾರವಾಗಿದ್ದುದನ್ನು ದುಂಡಗೆ ಮಾಡಿದಳು. ಕಾಲುಗಳನ್ನು ಇನ್ನಷ್ಟು ದಪ್ಪ ಮಾಡಿದಳು. ಮೂರು ಗೆರೆ ಅವಳ ಕಣ್ಣಿಗೆ ಬಿದ್ದವು, ಆದರೆ ಗಮನಕ್ಕೆ ಬೀಳಲಿಲ್ಲ. ಹುಟ್ಟಿದಾಗಿನಿಂದ ಅಪ್ಪನ ಹಣೆ, ಕಾಕಾನ ಹಣೆ, ಹೊಸ್ತಿಲು, ಕೂರಿಗೆ, ಟ್ರ್ಯಾಕ್ಟರಿನ ಮೂತಿ, ಎಲ್ಲದರ ಮೇಲೂ ನೋಡಿದ ಗೆರೆ. ಇರಬೇಕಾದಲ್ಲಿ ಇರುವುದನ್ನು ಯಾರು ಯಾಕಿದೆ ಎಂದು ಕೇಳುತ್ತಾರೆ? ನಕ್ಷೆ ಮುದ್ರಿಸಿಕೊಟ್ಟವಳು ನಾನು, "ಕುದರಿಗಿ ಕಳಾ ಬಂದದ ನೋಡು" ಎಂದೆ.

ಅಲ್ಲಿಂದ ಆ ಕುದುರೆ ಮೂರು ತಾಲೂಕಿನ ಯಾತ್ರೆ ಹೊರಟಿತು. ಎರಕ ಹಾಕುವವನು ಅಫಜಲಪುರದ ಪರಮೇಶ. ಅನುರಾಧಾಳ ಮಾದರಿಯಂತೆ ಮಾಡಿದ ಅಚ್ಚಿನಿಂದ ತೆಗೆದ ಎರಕದ ನೆತ್ತಿಯಲ್ಲಿ ಮೂರು ಗೆರೆ ಕಂಡು, ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಒಂದು ಮಾತೂ ಕೇಳದೆ ಬಸ್ಸಿಗೆ ಹಾಕಿದ. ತೂತು ಕೊರೆದು ನಯ ಮಾಡುವವನು ಜೇವರ್ಗಿಯ ಹುಸೇನಪೀರ. ಅಷ್ಟು ದೊಡ್ಡದನ್ನು ಕೊರೆಯುವ ಯಂತ್ರ ಇದ್ದದ್ದು ಅವನಲ್ಲಿ. ನಕ್ಷೆಯಲ್ಲಿದ್ದ ಹಾಗೆ ಕೊರೆದ. ಅಮಾವಾಸ್ಯೆಗೆ ಇನ್ನೂ ಒಂದು ವಾರವಿರುವಾಗ ತಾನೇ ಅದನ್ನು ಹೊತ್ತುಕೊಂಡು, ಕೂರಿಸಿ ಕೊಡಲು ಕಿಣ್ಣಿ ಸುಲ್ತಾನಕ್ಕೆ ಬಂದ.

ಗಿರಣಿಯ ಮುಂದೆ ಆಗಲೇ ನಾಲ್ಕು ಹೆಂಗಸರು ಸಜ್ಜೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಹುಸೇನಪೀರ ಕುದುರೆಯನ್ನು ಇಳಿಸಿದ. ಒಂದು ಬೋಲ್ಟು ಕೂತಿತು. ಎರಡನೆಯದು ಒತ್ತಿದ ಮೇಲೆ ಕೂತಿತು. ಮೂರನೆಯದು ತೂತಿನ ಅಂಚಿಗೆ ಬಡಿದು ನಿಂತಿತು. ನಾಲ್ಕನೆಯದರ ಮಾತೇ ಇಲ್ಲ. ತಿರುಗಿಸಿ ನೋಡಿದ, ಎತ್ತಿ ಇಳಿಸಿ ನೋಡಿದ. ಕಡೆಗೆ ಹಿಂದೆ ಸರಿದು ಬೆವರು ಒರೆಸಿಕೊಂಡ.

"ಕುದುರಿ ಸೊಟ್ಟ ನಿಂತದ್ರಿ ಬಾಯಿ. ಕಾಲೇ ಒಂದ್ ಕಡಿ ಹೊಳ್ಯಾವ."

"ತೂತು ಅಗಲ ಮಾಡಿದ್ರ?" ಎಂದಳು ಅನುರಾಧಾ. ದನಿಯಲ್ಲಿ ಜೀವವಿರಲಿಲ್ಲ.

"ಮಾಡಬಹುದ್ರಿ. ಆದ್ರ ನಡುಗಿ ನಡುಗಿ ಯುಗಾದಿಯೊಳಗ ಮತ್ತ ಮುರೀತದ."

ಅನುರಾಧಾ ಲ್ಯಾಪ್‌ಟಾಪನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು ತೆರೆದಳು. ಪ್ರೋಗ್ರಾಂ ಯಾವುದರಿಂದ ಯಾವುದನ್ನು ಊಹಿಸಿತು ಎಂಬುದು ಒಂದರ ಕೆಳಗೊಂದು ಬರೆದಿರುತ್ತದೆ. ಓದುತ್ತ ಹೋದವಳ ಬೆರಳು ಒಂದು ಕಡೆ ನಿಂತಿತು. ‘ಮೂರು ಏಣು, ಸಮಾನಾಂತರ.’ ಅದರ ಕೆಳಗೆ ‘ಕಾಲುಗಳ ಸಾಲು, ಏಣಿಗೆ ಲಂಬ.’

ಆಗ ಎಲ್ಲರಿಗೂ ಅರ್ಥವಾಯಿತು. ರೇವಣಪ್ಪನ ವಿಭೂತಿಯ ದಿಣ್ಣೆಯನ್ನು ಪ್ರೋಗ್ರಾಂ, ಗಿರಣಿ ಮಾಡಿದ ಕಂಪನಿಯವರು ಬೇಕೆಂದೇ ಎಬ್ಬಿಸಿದ ಏಣು ಎಂದುಕೊಂಡಿತ್ತು. ಒಂದು ಕಾಲು ಮುರಿದಿದ್ದರಿಂದ ಕಾಲುಗಳ ಮೇಲೆ ಅದಕ್ಕೆ ನಂಬಿಕೆ ಕಡಿಮೆ. ಮೂರು ಗೆರೆ ಮಾತ್ರ ಗಟ್ಟಿಮುಟ್ಟಾಗಿ, ಒಂದಕ್ಕೊಂದು ಸಮವಾಗಿ ಇದ್ದವು. ಹಾಗಾಗಿ ಗೆರೆಯೇ ನೆಟ್ಟಗಿದೆ, ಕಾಲೇ ಸೊಟ್ಟವಾಗಿದೆ ಎಂದು ತೀರ್ಮಾನಿಸಿ, ಕಾಲುಗಳನ್ನು ಗೆರೆಗೆ ತಕ್ಕಂತೆ ಹೊರಳಿಸಿಬಿಟ್ಟಿತ್ತು.

"ನೀ ಕೊರೆಯೋವಾಗ ನೋಡ್ಲಿಲ್ಲೇನು ಹುಸೇನಪೀರ?" ಎಂದೆ ನಾನು, ಸಿಟ್ಟು ಯಾರ ಮೇಲಾದರೂ ಹಾಕಬೇಕಲ್ಲ.

"ನೋಡೀನ್ರಿ ಅಕ್ಕಾ. ಇವು ಯಾಕ ಅದಾವ ಅಂತ ಮನಸ್ಸಿನ್ಯಾಗ ಬಂತು. ನಿಮ್ಮ ದೇವರ ಮಾತು, ನಾ ಯಾಕ ಬಾಯಿ ಹಾಕ್ಲಿ ಅಂತ ಸುಮ್ಮಾದೆ."

ಗೊತ್ತಿದ್ದವರಿಗೆ ಕಾಣಲಿಲ್ಲ, ಕಂಡವನು ಕೇಳಲಿಲ್ಲ. ಇನ್ನು ಬಯ್ಯುವುದು ಯಾರನ್ನು?

ಅನುರಾಧಾ ನೆಲಕ್ಕೆ ಕೂತಳು. ಅಳುತ್ತಾಳೆಂದು ನಾನು ಹತ್ತಿರ ಹೋದೆ. ಅಳಲಿಲ್ಲ. "ಸಾಕಾಗ್ಯದ ಜಯಕ್ಕಾ" ಎಂದಳು. "ಹಣಿ ಮ್ಯಾಲಿನ ಇಭೂತಿ ಯಾವ್ದು, ಕಬ್ಬಿಣ ಯಾವ್ದು, ಇಷ್ಟೂ ತಿಳೀದಷ್ಟು ದಣದೀನಿ. ಇದನ್ನ ಬಿಟ್ಟು ಮನ್ಯಾಗ ಕುಂದರ್ತೀನಿ." ಇಪ್ಪತ್ತು ಸಲ ನಾನೇ ಅವಳಿಗೆ ಬಿಡು ಎಂದಿದ್ದೇನೆ. ಅವಳ ಬಾಯಿಂದ ಅದು ಬಂದಾಗ ಬೇಡವೆನಿಸಿತು.

ಹೊರಗೆ ಕೂತಿದ್ದ ಹೆಂಗಸರಲ್ಲಿ ಇಬ್ಬರು ಎದ್ದು ಬುಟ್ಟಿ ಎತ್ತಿಕೊಂಡರು. ಗುರಮ್ಮ ಅವರನ್ನು ನೋಡಿದಳು, ಅವರು ಹೋದ ದಾರಿಯನ್ನೂ ನೋಡಿದಳು. ಆಮೇಲೆ ಅನುರಾಧಾಳ ಪಕ್ಕ ಬಂದು ಕೂತಳು.

"ಯಾಕ ಸೊಟ್ಟಾತು, ನನಗ ತಿಳಿಯೋ ಹಂಗ ಹೇಳು."

"ಮಿಷನ್ನು ನಿಮ್ಮ ಮನಿಯವ್ರ ಬೆರಳ ನಂಬ್ಯದ್ರಿ ಆಯಿ, ಬೋಲ್ಟ ನಂಬಿಲ್ಲ. ಆ ಬೆರಳು ಇಳಿಜಾರ ಇದ್ವಲ್ಲ, ಅವು ಎತ್ತ ಇಳದಾವ ಅತ್ತ ಕಾಲೂ ಹೊಳ್ಯಾವ."

ಗುರಮ್ಮ ಪರದೆಯ ಹತ್ತಿರಕ್ಕೆ ಬಾಗಿ ನೋಡಿದಳು. ಅಲ್ಲಿ ಅವಳ ಗಂಡನ ಮೂರು ಬೆರಳು, ಡೊಂಕು ಸಮೇತ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ಮೂಡಿದ್ದವು. ಫೋಟೋದಲ್ಲಿ ಕೂಡ ಅವನ ಕೈ ಅಷ್ಟು ಸ್ಪಷ್ಟ ಬಂದಿರಲಾರದು.

"ಇದ್ದಾಗೂ ಹಿಂಗೇ ಇದ್ದ" ಎಂದಳು. "ತಾ ಸೊಟ್ಟ ನಿಂತು, ಮನಿಮಂದಿಯೆಲ್ಲ ಸೊಟ್ಟ ಅದಾರ ಅಂತಿದ್ದ. ನಾವೂ ಹೊಳ್ಳಿ ಹೊಳ್ಳಿ ನಿಂತ್ವಿ."

ಹುಸೇನಪೀರನಿಗೆ ನಗು ಬಂತು, ತಡೆದುಕೊಂಡ. ಗುರಮ್ಮನೂ ತುಸು ನಕ್ಕಳು. ಆ ನಗು ಮುಗಿಯುವುದರೊಳಗೆ ಅವಳ ಕಣ್ಣು ತುಂಬಿದ್ದವು.

"ಇವು ತೆಗದ್ರ ಕುದರಿ ಸೀದಾ ಆಗ್ತದೇನು?"

"ಆಗ್ತದ್ರಿ. ಇದು ತಿದ್ದಾಕ ಬರೋವಂಥಾದು. ಗೆರಿ ಅಳಿಸಿ ಬೋಲ್ಟಿನ ಖರೇ ಅಳತಿ ಕೊಟ್ರ ಕಾಲು ತಾವಾಗೇ ತಿರುಗ್ತಾವ. ಆದ್ರ ಒಮ್ಮಿ ಅಳಿಸಿದ್ರ ಹೊಸ ಕುದುರ್ಯಾಗ ಅವು ಇರಂಗಿಲ್ಲ." ಅನುರಾಧಾ ತಡೆದು, "ಅಳಸ್ಲೇನ್ರಿ?" ಎಂದಳು.

"ನೀ ಬ್ಯಾಡ. ಎಲ್ಲಿ ಒತ್ತಬೇಕು, ನನಗ ತೋರ್ಸು."

ಅನುರಾಧಾ ಕೀಲಿ ತೋರಿಸಿದಳು. ಗುರಮ್ಮ ಸೆರಗಿಗೆ ಕೈ ಒರೆಸಿಕೊಂಡು ಒತ್ತಿದಳು. ಮೂರು ಗೆರೆ ಹೋದವು. ನೆತ್ತಿ ಬೋಳಾಯಿತು. ಗುರಮ್ಮ ಎದ್ದು ಹೊರಗೆ ಹೋಗಿ, ಉಳಿದ ಇಬ್ಬರು ಹೆಂಗಸರಿಗೆ, "ಅಮಾಸಿ ಮುಂಚಿನ ದಿನ ಬರ್ರಿ. ಬೀಸಿ ಕೊಡ್ತೇನಿ" ಎಂದಳು. ಅಷ್ಟು ಧೈರ್ಯ ಅವಳಿಗೆ ಎಲ್ಲಿಂದ ಬಂತೋ.

ಅನುರಾಧಾ ಬಿಡುತ್ತೇನೆಂದು ಹೇಳಿದ್ದನ್ನು ಮರೆತವಳ ಹಾಗೆ ಎದ್ದು ಕಾಗದ ಕೇಳಿದಳು. ಒಲೆಯಿಂದ ಇದ್ದಿಲು ತಂದು, ಕುದುರೆ ಕೂರುವ ಜಾಗದ ಮೇಲೆ ಕಾಗದ ಹಾಸಿ, ಮೊಣಕಾಲೂರಿ ಉಜ್ಜಿ ಉಜ್ಜಿ ಅಚ್ಚು ತೆಗೆದಳು. ಆಮೇಲೆ ಮತ್ತೆ ಅದೇ ಯಾತ್ರೆ. ಅಫಜಲಪುರದಲ್ಲಿ ಪರಮೇಶನ ಕುಲುಮೆ ಹೊತ್ತುವ ಸರದಿ ಬರುವ ತನಕ ಬಾಗಿಲು ಬಿಡದೆ ಕೂತಳು. ಮರಳಿನ ಚೀಲದ ಮೇಲೆ ನಿದ್ದೆ ಹೋಗಿದ್ದಳೆಂದು ಅವನೇ ಫೋನು ಮಾಡಿ ಹೇಳಿದ. ಬಿಸಿ ಆರುವ ಮೊದಲೇ ಎರಕವನ್ನು ಗೋಣಿಯಲ್ಲಿ ಸುತ್ತಿಕೊಂಡು ಜೇವರ್ಗಿಗೆ ಹೋದಳು. ಹುಸೇನಪೀರ ಕೊರೆಯುವಾಗ ಪಕ್ಕದಲ್ಲಿ ನಿಂತು, ಇದ್ದಿಲಿನ ಕಾಗದವನ್ನು ತೂತಿನ ಮೇಲಿಟ್ಟು ನೋಡಿಯೇ ನೋಡಿದಳು. ಈ ಸಲ ಅವನೂ ಸುಮ್ಮನಿರಲಿಲ್ಲವಂತೆ, ಇದು ಯಾಕ, ಅದು ಯಾಕ ಎಂದು ಕೇಳಿ ಕೇಳಿ ಅವಳ ತಲೆ ತಿಂದನಂತೆ.

ಅಮಾವಾಸ್ಯೆಯ ಹಿಂದಿನ ದಿನ ಮುಂಜಾನೆ ಕುದುರೆ ತನ್ನ ಜಾಗದಲ್ಲಿ ಕೂತಿತು. ನಾಲ್ಕೂ ಬೋಲ್ಟು ಕೈಯಿಂದಲೇ ತಿರುಗಿ ಇಳಿದವು. ಹುಸೇನಪೀರ ಬೆಲ್ಟು ಹಾಕಿ ಸ್ವಿಚ್ಚು ಒತ್ತಿದ. ಗಿರಣಿ ಒಮ್ಮೆ ಕೆಮ್ಮಿತು, ಆಮೇಲೆ ತನ್ನ ಹಳೆಯ ದನಿ ಹಿಡಿಯಿತು. ಊರಲ್ಲಿ ಡಂಗುರ ಸಾರುವುದೇ ಬೇಕಾಗಲಿಲ್ಲ. ಆ ಸದ್ದು ಕೇಳಿ ಬುಟ್ಟಿಗಳು ಬಂದವು, ಎದ್ದು ಹೋಗಿದ್ದವರಲ್ಲಿ ಒಬ್ಬಳೂ ಬಂದಳು. ಮಧ್ಯಾಹ್ನದ ಹೊತ್ತಿಗೆ ದೌಲತರಾಯ ಸಜ್ಜೆಯ ಚೀಲ ಹೆಗಲ ಮೇಲಿಟ್ಟುಕೊಂಡು ಬಂದು, ಹೆಂಗಸರ ಸಾಲಿನ ಕೊನೆಯಲ್ಲಿ ಗೋಡೆ ನೋಡುತ್ತ ನಿಂತ. ಗುರಮ್ಮ ಅವನನ್ನು ಮುಂದೆ ಕರೆಯಲಿಲ್ಲ. "ಪಾಳಿ ಬರ್ತದ, ನಿಂದರ್ರಿ" ಎಂದಳು ಅಷ್ಟೇ.

ಅನುರಾಧಾ ಎಲ್ಲಿ ಎಂದು ನೋಡಿದರೆ, ಗೋಡೆಗೆ ಒರಗಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಳು. ಕಲ್ಲು ಗರ್ಜಿಸುತ್ತಿತ್ತು, ಬೆಲ್ಟು ಚಟಚಟ ಅನ್ನುತ್ತಿತ್ತು, ಕಿವಿಯಲ್ಲಿ ಬಾಯಿಟ್ಟು ಕೂಗಿದರೂ ಕೇಳುವಂತಿರಲಿಲ್ಲ. ಅದರ ನಡುವೆ ಗುರಮ್ಮ ಹೆಂಗಸರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಕ ಮಾತಾಡ್ರಿ, ಮಲಗ್ಯಾಳ" ಎಂದು ಸನ್ನೆ ಮಾಡಿದಳು. ಹೆಂಗಸರು ತಲೆಯಾಡಿಸಿ ನಿಜಕ್ಕೂ ದನಿ ತಗ್ಗಿಸಿದರು.

ಸಾಲು ಕರಗಿದ ಮೇಲೆ ಗಿರಣಿ ನಿಲ್ಲಿಸಿ, ಗುರಮ್ಮ ಅವಳನ್ನು ಭುಜ ಅಲುಗಾಡಿಸಿ ಎಬ್ಬಿಸಿದಳು. ಕೈಯಲ್ಲಿ ವಿಭೂತಿ ಗಟ್ಟಿ ಇತ್ತು.

"ಬಾ ಇಲ್ಲಿ. ಬೋಲ್ಟಿನ ಸೀದಾ ಯಾವ ಕಡಿ ಅದ, ತೋರ್ಸು."

ನಿದ್ದೆಗಣ್ಣಿನಲ್ಲೇ ಅನುರಾಧಾ ಚೀಲದಿಂದ ಉಕ್ಕಿನ ಪಟ್ಟಿ ತೆಗೆದು ಕುದುರೆಯ ನೆತ್ತಿಯ ಮೇಲೆ ಇಟ್ಟು ಹಿಡಿದಳು. ಗುರಮ್ಮ ಬೆರಳು ತೋಯಿಸಿಕೊಂಡು, ಪಟ್ಟಿಯ ಗುಂಟ ನಿಧಾನಕ್ಕೆ ಮೂರು ಗೆರೆ ಎಳೆದಳು. ಗೆರೆ ನೆಟ್ಟಗೆ ಬಂತು.

"ಮುಂದ ಇದು ಮುರಿಯೋವಾಗ ನಾ ಇರಂಗಿಲ್ಲ" ಎಂದಳು. "ಯಾರೋ ಬಂದು ಅಳತಿ ತಗೋತಾರ. ನನ್ನ ಕೈಯಿಂದ ಅವರಿಗಿ ತ್ರಾಸ ಆಗಬಾರ್ದು."

"ಯಾರೋ ಯಾಕ್ರಿ ಆಯಿ, ನಾನೇ ಬರ್ತೇನಿ" ಎಂದಳು ಅನುರಾಧಾ. "ಬಂದು ಮೊದಲು ಇದನ್ನ ಒರಸ್ತೇನಿ."

"ಒರಸ್ಬೇ, ಬ್ಯಾಡ ಅನ್ನಂಗಿಲ್ಲ. ಆದ್ರ ನೋಡಿ ಒರಸು."

ಅನುರಾಧಾ ಹೂಂ ಎಂದು ಪಟ್ಟಿಯನ್ನು ಚೀಲಕ್ಕೆ ಹಾಕಿದಳು. ಹೊರಗೆ ನನ್ನ ಸ್ಕೂಟಿಯ ಹಿಂದೆ ಕೂತು, ಸ್ಕ್ಯಾನರನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಳು. ಆಳಂದ ಬರುವ ತನಕ ನಾನು ಗಾಡಿಯನ್ನು ತಗ್ಗು ತಪ್ಪಿಸಿ ಮೆಲ್ಲಗೆ ಓಡಿಸಿದೆ.